ಉಸಿರು ಬಿಟ್ಟ ಮೇಲೆ ಹನ್ನೆರಡು ಸೆಕೆಂಡು

ಮೊದಲು ಟಕ್, ಟಕ್, ಟಕ್ ಎಂದು ಯಾರೋ ನಾಜೂಕಾಗಿ ಬಾಗಿಲು ತಟ್ಟಿದ ಹಾಗೆ. ಒಂದು ಗಳಿಗೆ ಮೌನ. ಆಮೇಲೆ ಢಗ ಢಗ ಢಗ ಢಗ ಎಂದು ತಲೆಯ ಸುತ್ತ, ಬೆನ್ನ ಕೆಳಗೆ, ದವಡೆಯ ಮೂಳೆಯೊಳಗೆ ಕೂಡ. ಸೊಲ್ಲಾಪುರಕ್ಕೆ ಬಂದ ಹೊಸತರಲ್ಲಿ ಕೇಳಿದ ಸದ್ದುಗಳಲ್ಲಿ ಇಂದಿಗೂ ನನ್ನ ಕಿವಿಯಲ್ಲಿ ಉಳಿದಿರುವುದು ಇದು. ಅದು ನಿಂತ ಕೂಡಲೇ ಹೆಡ್‌ಫೋನಿನಲ್ಲಿ ಒಂದು ಹೆಣ್ಣು ದನಿ ಹೇಳಿತು: "ಶ್ವಾಸ ಘ್ಯಾ. ಶ್ವಾಸ ಸೋಡಾ. ಥಾಂಬಾ."

ನನಗೆ ಆಗ ಎಪ್ಪತ್ತೊಂದು. ಮರಾಠಿ ಒಂದಕ್ಷರ ಬಾರದು. ಬಿಳಿ ಕೊಳವೆಯೊಳಗೆ ಮಲಗಿ, ಎದೆಯ ಮೇಲೆ ವೈರು ಅಂಟಿಸಿಕೊಂಡು, ಮೂಗಿನಿಂದ ಒಂದು ಗೇಣಿನಾಚೆಯ ಛಾವಣಿಯನ್ನು ನೋಡುತ್ತಾ ನಾನು ತುಂಬ ಪೊಲೈಟಾಗಿ, "ನೋ ಥ್ಯಾಂಕ್ಯೂ, ನಾನು ಸೋಡಾ ಕುಡಿಯೋಲ್ಲ" ಎಂದೆ.

ಗಾಜಿನ ಆಚೆಯಿಂದ ಟೆಕ್ನಿಷಿಯನ್ ಇರ್ಫಾನ್ ನಗುವುದು ಮೈಕಿನಲ್ಲಿ ಕೇಳಿಸಿತು. ಘ್ಯಾ ಎಂದರೆ ತೆಗೆದುಕೊಳ್ಳಿ, ಸೋಡಾ ಎಂದರೆ ಬಿಡಿ, ಥಾಂಬಾ ಎಂದರೆ ನಿಲ್ಲಿ ಎಂದು ಅವನು ಇಂಗ್ಲಿಷಿನಲ್ಲಿ ವಿವರಿಸಿದ. ಸೊಲ್ಲಾಪುರದಲ್ಲಿ ನಾನು ಕಲಿತ ಮೊದಲ ಮೂರು ಮರಾಠಿ ಕ್ರಿಯಾಪದಗಳು ಅವೇ.

ನಾನು ಪೇಷೆಂಟ್ ಅಲ್ಲ, ವಾಲಂಟಿಯರ್. ನನ್ನ ತಂಗಿಯ ಮಗಳು ನೀಲಾ ಆ ಸ್ಕ್ಯಾನ್ ಸೆಂಟರಿನ ಡಾಕ್ಟರು. ಅವಳ ಎಂಆರ್‌ಐ ಯಂತ್ರದಲ್ಲಿ ಆಗಷ್ಟೇ ಹೃದಯದ ಚಿತ್ರ ತೆಗೆಯಲು ಶುರು ಮಾಡಿದ್ದರು. ರಕ್ತ ಯಾವ ಕೋಣೆಯಿಂದ ಯಾವ ಕೋಣೆಗೆ ಎಷ್ಟು ರಭಸದಲ್ಲಿ ಹೋಗುತ್ತದೆ, ಹೃದಯದ ಮಾಂಸದಲ್ಲಿ ಎಷ್ಟು ಜೀವಂತ, ಎಷ್ಟು ಬರೀ ಗಾಯದ ಕಲೆ, ಇದನ್ನೆಲ್ಲ ಕತ್ತಿ ಇಲ್ಲದೆ ಒಂದು ದೊಡ್ಡ ಅಯಸ್ಕಾಂತದಿಂದ ನೋಡುವ ವಿದ್ಯೆ. ಯಂತ್ರವನ್ನು ಹದ ಮಾಡಲು ಆರೋಗ್ಯವಂತರ ಹೃದಯ ಬೇಕಿತ್ತು. ಮನೆಯಲ್ಲಿ ಕೆಲಸವಿಲ್ಲದೆ ಕೂತ ದೊಡ್ಡಮ್ಮನದು ಸಿಕ್ಕಿತು.

ಚಿತ್ರ ಸ್ಪಷ್ಟವಾಗಬೇಕಾದರೆ ಹನ್ನೆರಡು ಸೆಕೆಂಡಿನ ಹಾಗೆ ಉಸಿರಾಡಬಾರದು. ಅದೂ ಉಸಿರು ತುಂಬಿಕೊಂಡಲ್ಲ, ಪೂರ್ತಿ ಹೊರಗೆ ಬಿಟ್ಟು, ಖಾಲಿ ಎದೆಯಲ್ಲಿ. ಆಗ ಮಾತ್ರ ಹೃದಯ ಪ್ರತಿ ಸಲವೂ ಒಂದೇ ಜಾಗದಲ್ಲಿ ಕೂರುತ್ತದಂತೆ. ನನಗೆ ಅದು ಲೀಲಾಜಾಲವಾಗಿ ಬಂತು. ಮೈಸೂರಿನ ಕಾನ್ವೆಂಟಿನಲ್ಲಿ ಮದರ್ ಬರ್ನಾಡೆಟ್ ನಮಗೆ ಎಲೊಕ್ಯೂಷನ್ ಕಲಿಸುತ್ತಿದ್ದರು. "ಎಂಪ್ಟಿ ಯುವರ್ ಲಂಗ್ಸ್, ಗರ್ಲ್ಸ್, ಆ್ಯಂಡ್ ವೇಟ್" ಎಂದು ರೂಲರಿನಿಂದ ಮೇಜು ತಟ್ಟುತ್ತಿದ್ದರು. ಅದನ್ನೇ ನಾನು ಮೂವತ್ತು ವರ್ಷ ನನ್ನ ವಿದ್ಯಾರ್ಥಿನಿಯರಿಗೆ ಕಲಿಸಿದೆ. ಇರ್ಫಾನ್ ನನ್ನನ್ನು ಪರ್ಫೆಕ್ಟ್ ಪೇಷೆಂಟ್ ಎಂದ. ಪರದೆಯ ಮೇಲೆ ನನ್ನ ಹೃದಯ ಮುದುಡಿ ಅರಳುವುದನ್ನು ನೀಲಾ ತೋರಿಸಿದಳು. ಮದುವೆಯಾಗದ ನನಗೆ ಎಪ್ಪತ್ತೊಂದು ವರ್ಷ ಬಿಡದೆ ಜೊತೆಗಿದ್ದ ಒಬ್ಬನೇ ಒಬ್ಬ ಸಂಗಾತಿ. ಮುಖ ನೋಡಿದ್ದು ಅಂದೇ.

ಈ ವಯಸ್ಸಿನಲ್ಲಿ ಊರು ಬಿಟ್ಟವರನ್ನು ನಮ್ಮ ಕಡೆ "ಪಾಪ" ಎನ್ನುತ್ತಾರೆ. ನನ್ನ ಜೊತೆಗಿದ್ದ ತಂಗಿ ತೀರಿಕೊಂಡು, ಪುಣೆಯಲ್ಲಿ ಬೆಳೆದ ಅವಳ ಮಗಳು ನನ್ನನ್ನು ಕರೆದುಕೊಂಡು ಹೋಗಲು ಬಂದಾಗ ಮೈಸೂರಿನ ಒಂಟಿಕೊಪ್ಪಲಿನ ಅರ್ಧ ಬೀದಿ ಆ ಪಾಪವನ್ನು ತಂದು ಕೊಟ್ಟಿತು. ನಾನು ಯಾರದನ್ನೂ ತೆಗೆದುಕೊಳ್ಳಲಿಲ್ಲ. ಹೊರಟೆ.

ಮನೆ ಅಕ್ಕಲಕೋಟ ರಸ್ತೆಯಲ್ಲಿ, ಎರಡನೇ ಮಹಡಿ. ಹಿಂದೆ ಪವರ್‌ಲೂಮುಗಳು. ಮೈಸೂರಿನಲ್ಲಿ ಬೆಳಗಾಗುವುದು ಹಾಲಿನವನ ಸೈಕಲ್ಲಿನಿಂದ, ಇಲ್ಲಿ ಟವೆಲ್ ನೇಯುವ ಮಗ್ಗಗಳ ಪಾಳಿ ಬದಲಾಗುವುದರಿಂದ. ಅಲ್ಲಿ ಅನ್ನ, ಸಾರು, ಹಪ್ಪಳ. ಇಲ್ಲಿ ಕಡಕ್ ಭಾಕರಿ, ಅಂದರೆ ಹಪ್ಪಳದಷ್ಟೇ ತೆಳ್ಳಗೆ ಒಣಗಿಸಿದ ಜೋಳದ ರೊಟ್ಟಿ, ಜೊತೆಗೆ ಶೇಂಗಾ ಚಟ್ನಿ. ಮೊದಲ ವಾರ ನನ್ನ ಹಲ್ಲಿನ ಸೆಟ್ಟು ಅದರ ಮುಂದೆ ಸೋತಿತು. ಕೆಳಮನೆಯವರು ಅದನ್ನು ಮೊಸರಿನಲ್ಲಿ ಮುರಿದು ನೆನೆಹಾಕುವುದನ್ನು ಹೇಳಿಕೊಟ್ಟರು. ಈಗ ಅದಿಲ್ಲದೆ ನನಗೆ ಊಟ ಇಳಿಯುವುದಿಲ್ಲ.

ಸೋತಿದ್ದು ಭಾಷೆಯಲ್ಲಿ. ತರಕಾರಿಯವಳ ಹತ್ತಿರ ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ. ಆಟೋದವನ ಹತ್ತಿರವೂ ಅದೇ. ಆದರೆ ನಾನು ನಾಲ್ಕು ಹೆಜ್ಜೆ ಮುಂದೆ ಹೋದ ಕೂಡಲೇ ಆ ತರಕಾರಿಯವಳು ಪಕ್ಕದವಳಿಗೆ "ಮುದುಕಿ ಟಿವಿ ಹಂಗ ಮಾತಾಡ್ತೈತಿ ನೋಡ" ಎನ್ನುವುದು ಶುದ್ಧ ಕನ್ನಡದಲ್ಲೇ ಕೇಳಿಸುತ್ತಿತ್ತು. ಅಂದರೆ ಈ ಊರಿನಲ್ಲಿ ಕನ್ನಡ ಇದೆ, ನನ್ನ ಬೆನ್ನ ಹಿಂದೆ ಇದೆ. ನೀಲಾ ಕೂಡ, ನಾನು ಇಲ್ಲಿಗೆ ಬಂದ ಮೇಲೆ, ನನ್ನನ್ನು ದೊಡ್ಡಮ್ಮ ಎನ್ನುವುದು ಬಿಟ್ಟು ಮೌಶಿ ಎನ್ನತೊಡಗಿದಳು. ಜನರೆದುರಿಗೆ ಅದು ಸುಲಭವಂತೆ. ಮಧ್ಯಾಹ್ನಗಳಲ್ಲಿ ತಂಗಿಗೆ ಏನೋ ಹೇಳಲೆಂದು ಬಾಯಿ ತೆರೆದು, ಅವಳಿಲ್ಲ ಎಂದು ನೆನಪಾಗಿ, ತೆರೆದ ಬಾಯನ್ನು ಏನು ಮಾಡಬೇಕೆಂದು ತಿಳಿಯದೆ ಕೂತದ್ದಿದೆ.

ಗೋಡೆ ನೋಡುವುದಕ್ಕಿಂತ ಮೇಲೆಂದು ಸೆಂಟರಿಗೇ ಹೋಗಿ ಕೂರತೊಡಗಿದೆ. ಅಲ್ಲಿ ನನ್ನ ಅದೃಷ್ಟ ತಿರುಗಿತು. ಬೆಂಚಿನ ಮೇಲೆ ಕಾಯುವ ಜನ ಕೌಂಟರಿನಲ್ಲಿ ಮರಾಠಿ ಆಡಿ ಬಂದು, ಕೂತ ಮೇಲೆ ತಮ್ಮತಮ್ಮಲ್ಲಿ ಕನ್ನಡ ಆಡುತ್ತಿದ್ದರು. ಅಕ್ಕಲಕೋಟ ಕಡೆಯವರು, ದಕ್ಷಿಣ ಸೊಲ್ಲಾಪುರದ ಹಳ್ಳಿಗಳವರು. ಅಯಸ್ಕಾಂತದ ಕೋಣೆಗೆ ಲೋಹ ಒಯ್ಯುವಂತಿಲ್ಲ. ಬಳೆ, ಕಾಲುಂಗುರ, ಬೆಳ್ಳಿ ಕರಡಿಗೆ ಎಲ್ಲ ತೆಗೆಯಬೇಕೆಂದರೆ ಹೆಂಗಸರು ಹೆದರುತ್ತಿದ್ದರು. ನಾನು ಕೂತು ಬಿಡಿಸಿಕೊಡುತ್ತಿದ್ದೆ. ಕರಡಿಗೆಯೊಳಗಿನ ಲಿಂಗವನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ಮೈಮೇಲೇ ಇಟ್ಟುಕೊಳ್ಳಬಹುದೇ ಎಂದು ನೀಲಾಳನ್ನು ಕೇಳಿ ಒಪ್ಪಿಸಿದ್ದೂ ನಾನೇ. ನನಗೆ "ಅಕ್ಕಾರ" ಎಂದು ಹೆಸರಾಯಿತು. ಈ ಕಡೆ ಹೆಣ್ಣು ಮೇಷ್ಟರನ್ನು ಹಾಗೆ ಕರೆಯುತ್ತಾರೆ. ನಾನು ಮೇಷ್ಟರಾಗಿದ್ದೆನೆಂದು ಅವರಿಗೆ ಯಾರೂ ಹೇಳಿರಲಿಲ್ಲ. ದನಿಯಲ್ಲೇ ಗೊತ್ತಾಯಿತಂತೆ.

ಮಾಳಪ್ಪ ಬಂದದ್ದು ಆ ದಿನಗಳಲ್ಲಿ.

ಕಂದಲಗಾಂವದ ಕುರಿಗಾರ, ಅರವತ್ತರ ಆಸುಪಾಸು, ಹೆಗಲ ಮೇಲೆ ಕರಿಕಂಬಳಿ. ಜೊತೆಗೆ ಹೆಂಡತಿ ಲಕ್ಕವ್ವ. ಅವನಿಗೆ ಹೃದಯಾಘಾತವಾಗಿತ್ತು, ಮೂರು ರಕ್ತನಾಳ ಕಟ್ಟಿದ್ದವು. ಸರ್ಜನ್ ಒಂದೇ ಪ್ರಶ್ನೆ ಕಳಿಸಿದ್ದರು: ಹೃದಯದ ಮುಂಗೋಡೆಯ ಮಾಂಸ ಬದುಕಿದೆಯೋ ಸತ್ತಿದೆಯೋ? ಬದುಕಿದ್ದರೆ ಬೈಪಾಸ್ ಮಾಡಿ ರಕ್ತ ಹರಿಸಬಹುದು. ಸತ್ತಿದ್ದರೆ ಎದೆ ಕೊಯ್ದು ಪ್ರಯೋಜನವಿಲ್ಲ, ಮಾತ್ರೆ ಕೊಟ್ಟು ಮನೆಗೆ ಕಳಿಸುವುದು. ಉಳಿದ ಪರೀಕ್ಷೆಗಳೆಲ್ಲ ಸತ್ತಿದೆ ಎನ್ನುವ ಕಡೆಗೇ ವಾಲಿದ್ದವು. ಎಂಆರ್‌ಐ ಮಾತ್ರ ಖಚಿತವಾಗಿ ಹೇಳಬಲ್ಲದು.

ಇದನ್ನು ನಾನು ಕನ್ನಡದಲ್ಲಿ ಹೇಳಿದಾಗ ಲಕ್ಕವ್ವ ಕಣ್ಣೀರು ಹಾಕಲಿಲ್ಲ. ಸೊಂಟದ ಮೇಲೆ ಕೈಯಿಟ್ಟಳು.

"ಇಂವನ ಗುಂಡಿಗಿ ಸತ್ತೈತಂತ ಯಾಂವ ಅಂದಾನ್ರಿ? ಹ್ವಾದ ವರ್ಷ ಹಟ್ಟಿಗೆ ತೋಳ ಬಂದಾಗ ಬರೇ ಬಡಿಗಿ ತಗೊಂಡು ಬೆನ್ನ ಹತ್ಯಾನ. ಗುಂಡಿಗಿ ಸತ್ತಾಂವ ತೋಳ ಬೆನ್ನ ಹತ್ತತಾನೇನ್ರಿ ಅಕ್ಕಾರ?"

ಮೈಸೂರಿನಲ್ಲಿ ನಾವು ಹೃದಯ ಎನ್ನುತ್ತೇವೆ. ಅದು ಗ್ರೀಟಿಂಗ್ ಕಾರ್ಡಿನ ಪದ. ಗುಂಡಿಗೆ ಎನ್ನುವಾಗ ಬಾಯಿ ತುಂಬುತ್ತದೆ.

ಮೊದಲ ಸ್ಕ್ಯಾನು ಕೆಟ್ಟಿತು. ಯಂತ್ರ ಬಡಿಯತೊಡಗಿದ ಕೂಡಲೇ ಮಾಳಪ್ಪನ ಎದೆ ಏರಿಳಿಯುತ್ತಿತ್ತು, ಚಿತ್ರವೆಲ್ಲ ಕಲಕಿದ ನೀರು. ಅಜ್ಜ ಕೇಳುವುದೇ ಇಲ್ಲ ಎಂದು ಇರ್ಫಾನ್ ಬೇಜಾರು ಮಾಡಿಕೊಂಡ. ನನಗೆ ಸಿಟ್ಟು ಬಂತು. ಎದೆ ಒಡೆಯುತ್ತಿರುವ ಮನುಷ್ಯನಿಗೆ ಅವನ ಮಾತಿನಲ್ಲಿ ಹೇಳದೆ, ಘ್ಯಾ, ಸೋಡಾ ಎಂದರೆ ಹೇಗೆ? ಅಂದು ಊಟಕ್ಕೆ ಕೂತಾಗ ನೀಲಾಳ ಜೊತೆ ಜಗಳವಾಡಿದೆ. ಅವನಿಗೆ ಮರಾಠಿ ಚೆನ್ನಾಗಿ ಬರುತ್ತದೆ, ಕುರಿ ಮಾರುವುದೇ ಮರಾಠಿಯಲ್ಲಿ, ಇದನ್ನೊಂದು ಚಳವಳಿ ಮಾಡಬೇಡ ಎಂದು ಅವಳು ಹೇಳಿದಳು. ಚಳವಳಿಯೇ ಎಂದು ನಾನು ಅಂದೆ. ಮುಂದಿನ ಸಲ ಮೈಕು ನನಗೆ ಕೊಡದಿದ್ದರೆ ನಾಳೆಯೇ ಮೈಸೂರಿನ ಗಾಡಿ ಹತ್ತುತ್ತೇನೆ ಎಂದೂ ಹೆದರಿಸಿದೆ. ಕೊಟ್ಟಳು.

ಎರಡನೇ ಸಲ ನಾನು ಕೂತೆ. ಬೆನ್ನು ನೆಟ್ಟಗೆ, ಮದರ್ ಬರ್ನಾಡೆಟ್ ನೋಡಿದ್ದರೆ ಮೆಚ್ಚುವ ಹಾಗೆ. "ದಯವಿಟ್ಟು ಉಸಿರನ್ನು ಪೂರ್ತಿಯಾಗಿ ಹೊರಗೆ ಬಿಟ್ಟು, ಹಾಗೆಯೇ ಹಿಡಿದುಕೊಳ್ಳಿ." ಒಂದೊಂದು ಅಕ್ಷರವೂ ಗಂಟೆ ಹೊಡೆದ ಹಾಗೆ. ಯಂತ್ರ ಬಡಿಯಿತು. ಮಾಳಪ್ಪನ ಎದೆ ಮತ್ತೆ ಏರಿಳಿಯಿತು. ಚಿತ್ರ ಮೊದಲಿಗಿಂತ ಹಾಳು.

ನೀಲಾ ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಅವಳೇ ಬೈದಿದ್ದರೆ ಚೆನ್ನಾಗಿತ್ತು. ಅಂದದ್ದು ಲಕ್ಕವ್ವ.

"ಉಸುರು ಬಿಡ್ರಿ ಅಂತೀರಿ, ಮತ್ತ ಹಿಡೀರಿ ಅಂತೀರಿ. ಬಿಟ್ಟದ್ದನ್ನ ಹಿಡಿಯೂದು ಹೆಂಗ್ರಿ? ನಮ್ಮ ಕಡಿ ಉಸುರು ಬಿಟ್ಟಾಂವನ್ನ ಹೊತ್ಕೊಂಡು ಹೋಗತಾರ."

ನನ್ನ ಕನ್ನಡ ನನ್ನ ಕೈಯಲ್ಲೇ ಮುರಿದುಬಿತ್ತು. ಗುರುವಾರ ಮೂರನೆಯದು, ಅದೇ ಕೊನೆಯದು ಎಂದು ನೀಲಾ ಹೇಳಿದಳು. ಮತ್ತೆ ಮತ್ತೆ ಔಷಧ ಚುಚ್ಚುವಂತಿಲ್ಲ, ಸರ್ಜನ್ ಕೂಡ ಕಾಯುವುದಿಲ್ಲ. ಅದೂ ಕೆಟ್ಟರೆ ಉಳಿದ ಪರೀಕ್ಷೆಗಳ ಮಾತೇ ಮಾತು.

ನನಗೆ ಸೋಲು ಒಪ್ಪಿ ಅಭ್ಯಾಸವಿಲ್ಲ. ಗಂಡಹೆಂಡಿರನ್ನು ಎದುರಿನ ಚಹಾದ ಅಂಗಡಿಗೆ ಕರೆದುಕೊಂಡು ಹೋದೆ. ಈ ಸಲ ಹೇಳುವುದು ಬಿಟ್ಟು ಕೇಳಿದೆ. ಒಳಗೆ ಏನಾಗುತ್ತದೆ, ಹೆದರಿಕೆಯೇ?

ಮಾಳಪ್ಪ ಬಸಿಯಲ್ಲಿ ಚಹಾ ಹುಯ್ದುಕೊಂಡು ಊದಿದ. ಹೆದರಿಕೆ ಏನಿಲ್ಲ, ತಣ್ಣಗಿದೆ, ನಿದ್ದೆ ಬರುವ ಹಾಗಿದೆ ಎಂದ. ಆಮೇಲೆ ಸ್ವಲ್ಪ ನಾಚಿಕೊಂಡು, "ಒಳಗ ಡೊಳ್ಳ ಚಲೋ ಬಡೀತಾರ್ರಿ" ಎಂದ.

ಮನೆತನದಿಂದ ಅವನು ಕುರಿಗಾರರ ದೇವರು ಬೀರೋಬಾನ ಡೊಳ್ಳಿನವನು. ಹನ್ನೆರಡನೇ ವಯಸ್ಸಿನಿಂದ ಬಾರಿಸಿದವನು. ಡೊಳ್ಳು ಬಿತ್ತೆಂದರೆ ಉಸಿರು ತಾನಾಗಿ ಅದರ ಹಿಂದೆ ಹೋಗುತ್ತದೆ, ತಾನು ಹಿಡಿದರೂ ನಿಲ್ಲುವುದಿಲ್ಲ ಎಂದ. ಕೊಡ ಬಿದ್ದು ಉರುಳಿದರೂ ಈ ಮನುಷ್ಯ ತಾಳ ಹಾಕುತ್ತಾನೆ ಎಂದು ಲಕ್ಕವ್ವ ಸೀರೆಯ ಸೆರಗಿನಲ್ಲಿ ನಕ್ಕಳು.

ನಾನು ಬಸಿ ಕೆಳಗಿಟ್ಟೆ. ಅಡ್ಡ ಬಂದದ್ದು ಮರಾಠಿಯೂ ಅಲ್ಲ, ಕನ್ನಡವೂ ಅಲ್ಲ. ಅವನು ನಮ್ಮ ಮಾತು ಕೇಳಿ ಉಸಿರು ಬಿಟ್ಟು ನಿಲ್ಲುತ್ತಲೇ ಇದ್ದ. ಮರುಕ್ಷಣ ಯಂತ್ರ ಡೊಳ್ಳು ಬಾರಿಸಿ ಅವನನ್ನು ಎಬ್ಬಿಸಿಕೊಂಡು ಹೋಗುತ್ತಿತ್ತು.

ಹಾಗಾದರೆ ಡೊಳ್ಳು ಬಡಿಯುತ್ತಿರುವಾಗ ನೀವು ಸುಮ್ಮನೆ ನಿಲ್ಲುವ ಹೊತ್ತು ಯಾವುದಾದರೂ ಉಂಟೇ ಎಂದು ಕೇಳಿದೆ. ಹುಚ್ಚು ಪ್ರಶ್ನೆ ಎನ್ನುವ ಹಾಗೆ ನೋಡಿದ. ಯಾಕಿಲ್ಲ, ಎರಡು ಮ್ಯಾಳ ಎದುರಾಬದುರಾ ನಿಂತಾಗ ಎಂದ. ಮ್ಯಾಳ ಎಂದರೆ ತಂಡ. ಒಂದು ಮ್ಯಾಳ ಹಾಡಿನಲ್ಲಿ ಸವಾಲು ಹಾಕಿ ಡೊಳ್ಳು ಬಾರಿಸುತ್ತದೆ, ಇನ್ನೊಂದು ಉತ್ತರ ಕೊಡುತ್ತದೆ. ಎದುರಿನವರ ಪಾಳಿ ನಡೆಯುವಾಗ ಇವರು ಮಿಸುಕುವಂತಿಲ್ಲ. ಒಂದು ಬೆರಳು ಆಡಿದರೂ ಎದುರಾಳಿಯ ತಾಳಕ್ಕೆ ಕುಣಿದ ಹಾಗೆ, ಮರ್ಯಾದೆ ಹೋದ ಹಾಗೆ.

"ನಿಮ್ಮ ಪಾಳಿ ಮುಗಿಯುವಾಗ ಏನು ಮಾಡುತ್ತೀರಿ?"

ಮಾಳಪ್ಪ ಎದ್ದು ನಿಂತ. ಇಲ್ಲದ ಡೊಳ್ಳಿಗೆ ಕೊನೆಯ ಪೆಟ್ಟು ಹಾಕಿ, "ಹಾ" ಎಂದು ಎದೆಯ ಗಾಳಿಯೆಲ್ಲ ಹೊರಗೆ ತಳ್ಳಿ, ಕಲ್ಲಾಗಿ ನಿಂತ. ಚಹಾದವನು ಕೆಟಲು ಹಿಡಿದು ನೋಡುತ್ತಾ ನಿಂತ. ನಾನು ಗಡಿಯಾರ ನೋಡಿದೆ. ಹನ್ನೆರಡು ಸೆಕೆಂಡಲ್ಲ, ಹದಿನೆಂಟು. ಖಾಲಿ ಎದೆ. ನನ್ನ ಮದರ್ ಕಲಿಸಿದ್ದೂ ಇವನ ದೇವರು ಕಲಿಸಿದ್ದೂ ಒಂದೇ ಪಾಠ.

ಗುರುವಾರ ನಾನು ಮೈಕಿನ ಮುಂದೆ ಎಲೊಕ್ಯೂಷನ್ ಬಿಟ್ಟು ಕೂತೆ. ಹೇಳಬೇಕಾದ ಮಾತನ್ನು ಲಕ್ಕವ್ವ ತಿದ್ದಿಕೊಟ್ಟಿದ್ದಳು. "ಮಾಳಪ್ಪ, ಆ ಯಂತ್ರ ಎದುರಿನ ಮ್ಯಾಳ. ನಿಮ್ಮ ಪಾಳಿ ಮುಗೀತು, ಹಾ ಅನ್ರಿ. ಈಗ ಅವರ ಪಾಳಿ."

ಪಕ್ಕದಲ್ಲಿದ್ದ ಎಳೆಯ ನರ್ಸು ಕಿಸಕ್ಕನೆ ನಕ್ಕಳು. ಮರಾಠಿಯಲ್ಲಿ ಪಾಳಿ ಎಂದರೆ ಸರದಿಯೂ ಹೌದು, ಹೆಂಗಸರ ತಿಂಗಳ ಮುಟ್ಟೂ ಹೌದಂತೆ. ಅದನ್ನು ನಾನು ಗಂಡಸಿಗೆ ಹೇಳುತ್ತಿದ್ದೆ. ನಗಲಿ ಎಂದುಕೊಂಡು ಮುಂದುವರಿಸಿದೆ. ಪ್ರತಿ ಸಲವೂ ಅದೇ ಮಾತು. ಯಂತ್ರ ಢಗ ಢಗ ಎಂದು ಕೆಣಕಿತು, ಒದರಿತು. ಗಾಜಿನ ಆಚೆ ಅವನ ಹೊಟ್ಟೆಯ ಮೇಲಿನ ಹೊದಿಕೆಯ ಒಂದು ಮಡಿಕೆಯೂ ಅಲುಗಲಿಲ್ಲ. ಇರ್ಫಾನ್ ಪರದೆಗೆ ಮುಖ ತಂದು, ಹಿಂದಕ್ಕೆ ಒರಗಿ, "ಮಾಶಾಲ್ಲಾ" ಎಂದ.

ಅದು ಅರ್ಧ ಮಾತ್ರ. ರಕ್ತನಾಳಕ್ಕೆ ಔಷಧ ಬಿಟ್ಟು ಹತ್ತು ನಿಮಿಷ ಕಾದು ತೆಗೆಯುವ ಚಿತ್ರವೇ ತೀರ್ಪು. ಸತ್ತ ಮಾಂಸ ಔಷಧವನ್ನು ಹಿಡಿದಿಟ್ಟುಕೊಂಡು ಬೆಳ್ಳಗೆ ಕಾಣುತ್ತದೆ, ಬದುಕಿದ್ದು ಕಪ್ಪಗೆ. ಆ ಹತ್ತು ನಿಮಿಷ ಲಕ್ಕವ್ವ ನನ್ನ ಕೈ ಹಿಡಿದಿರಲಿಲ್ಲ, ನಾನೇ ಅವಳದನ್ನು ಹಿಡಿದಿದ್ದೆ. ನೀಲಾ ಬಂದು ಕೂತಳು. ಒಂದೊಂದೇ ಚಿತ್ರ ಸರಿಸಿದಳು. ಆಮೇಲೆ ತಿಂಗಳುಗಳಿಂದ ಬಿಟ್ಟಿದ್ದ ಹೆಸರು ಹಿಡಿದು, "ದೊಡ್ಡಮ್ಮ, ಇಲ್ಲಿ ನೋಡು" ಎಂದಳು.

ಕಪ್ಪು ಉಂಗುರದ ಒಳ ಅಂಚಿಗೆ ಸೀರೆಯ ಸಣ್ಣ ಅಂಚಿನಷ್ಟು ಬಿಳಿ. ಅಷ್ಟೇ. ಉಳಿದದ್ದೆಲ್ಲ ಗಟ್ಟಿ ಕಪ್ಪು. ಮುಂಗೋಡೆ ರಕ್ತವಿಲ್ಲದೆ ಸುಸ್ತಾಗಿ ನಿಂತಿತ್ತು, ಸತ್ತಿರಲಿಲ್ಲ.

ಕರಿ ಇದ್ದರೆ ಒಳ್ಳೆಯದೋ ಕೆಟ್ಟದ್ದೋ ಎಂದು ಲಕ್ಕವ್ವ ಕೇಳಿದಳು. ಕರಿ ಎಂದರೆ ಜೀವ ಎಂದೆ. ಅವಳು ಗಂಡನ ಕಂಬಳಿಯನ್ನು ಕುರ್ಚಿಯಿಂದ ಎತ್ತಿ ಝಾಡಿಸಿ ಹೆಗಲಿಗೆ ಹಾಕಿಕೊಂಡು, "ನಮ್ಮ ಕುಲಕ್ಕ ಕರಿ ಯಾವಾಗ ಕೆಟ್ಟ ಮಾಡೈತ್ರಿ?" ಎಂದಳು.

ಆಪರೇಷನ್ ಆಯಿತು. ಮೂರು ತಿಂಗಳಿಗೆ ತಪಾಸಣೆಗೆ ಬಂದಾಗ ರಕ್ತದ ಹರಿವಿನ ಚಿತ್ರ ತೆಗೆದರು. ಕೆಂಪು, ನೀಲಿ ಬಣ್ಣಗಳು ಕವಾಟ ದಾಟಿ ಸುಳಿದು ಹೋಗುವುದನ್ನು ಮಾಳಪ್ಪ ನೋಡಿ, ಹೊಳೆ ಚೆನ್ನಾಗಿದೆ, ಕುರಿ ನೀರು ಕುಡಿಯಬಹುದು ಎಂದ. ಗೋಡೆ ಮೊದಲಿಗಿಂತ ಚುರುಕಾಗಿದೆ, ಆದರೆ ಇನ್ನೂ ಆರು ತಿಂಗಳು ಕುರಿಯ ಹಿಂದೆ ಊರೂರು ಅಲೆಯಬಾರದು ಎಂದು ನೀಲಾ ಬೆರಳೆತ್ತಿ ಹೇಳಿದಳು. ಅವನು ತಲೆಯಾಡಿಸಿದ. ಕ್ಲಾಸಿನಲ್ಲಿ ಹಾಗೆ ತಲೆಯಾಡಿಸುವವರನ್ನು ನಾನು ಮೂವತ್ತು ವರ್ಷ ನೋಡಿದ್ದೇನೆ.

ಈಗ ಸೆಂಟರಿನ ಯಂತ್ರದಲ್ಲಿ ಕನ್ನಡದ ದನಿಯೂ ಇದೆ. ಮಲಗಿಸುವ ಮೊದಲು ಇರ್ಫಾನ್ ಮರಾಠಿಯೋ ಕಾನಡಿಯೋ ಎಂದು ವಿಚಾರಿಸುತ್ತಾನೆ. "ಉಸುರು ತಗೋರಿ. ಬಿಡ್ರಿ. ಹಂಗ ಇರ್ರಿ." ದನಿ ನನ್ನದು, ಮಾತು ಲಕ್ಕವ್ವನದು. ಫೋನಿನಲ್ಲಿ ಮೈಸೂರಿನ ಗೆಳತಿಯರು ನನ್ನ ಕನ್ನಡ ಕೆಟ್ಟುಹೋಗಿದೆ ಎನ್ನುತ್ತಾರೆ. ಇಲ್ಲಿಯ ತರಕಾರಿಯವಳು ಇನ್ನೂ ನನ್ನದು ಟಿವಿ ಕನ್ನಡ ಎನ್ನುತ್ತಾಳೆ. ಇಬ್ಬರಿಗೂ ನಾನು ಕ್ಷಮೆ ಕೇಳುವುದಿಲ್ಲ. ಕೆಟ್ಟಿದ್ದರೆ ಒಂದು ಒಳ್ಳೆಯ ಕೆಲಸಕ್ಕೆ ಕೆಟ್ಟಿದೆ.

ಕಳೆದ ಕಾರ್ತಿಕದಲ್ಲಿ ತಂಗಿಯ ವರ್ಷಾಬ್ದಿಕಕ್ಕೆಂದು ಮೈಸೂರಿಗೆ ಹೊರಟಿದ್ದೆ. ಎಂಐಡಿಸಿ ಎನ್ನುವ ಕಾರ್ಖಾನೆಗಳ ಬಡಾವಣೆಯ ಹತ್ತಿರ ನನ್ನ ಆಟೋ ನಿಂತಿತು. ರಸ್ತೆಯ ತುಂಬ ಕುರಿಗಳು. ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು. ಮಂದೆಯ ಮುಂದೆ ಬಡಿಗೆ ಹಿಡಿದು, ಯಾರಪ್ಪನ ಅವಸರವೂ ತನಗಿಲ್ಲ ಎನ್ನುವ ಹಾಗೆ ನಡೆಯುತ್ತಿದ್ದವನು ಮಾಳಪ್ಪ. ಆರು ತಿಂಗಳಲ್ಲಿ ಇನ್ನೂ ಎರಡೇ ಮುಗಿದಿದ್ದವು.

ನಾನು ಆಟೋದಿಂದ ಕೂಗಿದೆ. ಹತ್ತಿರ ಬಂದ. ಭೀಮಾ ದಾಟಿ ಕರ್ನಾಟಕದ ಕಡೆ ಹೊರಟಿದ್ದೇವೆ, ಅಲ್ಲಿ ಹೊಲಗಳಲ್ಲಿ ಮೇವಿದೆ ಎಂದ. ಲಕ್ಕವ್ವ ಕುದುರೆಯ ಮೇಲೆ ಸಾಮಾನು ಹೇರಿಕೊಂಡು ಮುಂದೆ ಹೋಗಿದ್ದಳು. ನನ್ನ ಬ್ಯಾಗು ನೋಡಿದ.

"ಊರಿಗೆ ಹೊಂಟ್ರೇನ್ರಿ ಅಕ್ಕಾರ?"

ಹೂಂ ಎಂದೆ.

"ಮತ್ತ ಊರಿಗೆ ಎಂದ ಬರ್ತೀರಿ?"

ಎರಡು ಸಲವೂ ಅದೇ ಪದ. ನಾನು ತಿದ್ದಲಿಲ್ಲ. ಹದಿನೈದು ದಿನಕ್ಕ ಬರತೀನಿ ಎಂದೆ. ಅವನು ಅತ್ತಿತ್ತ ನೋಡಿ, ತಾನು ನಡೆದು ಹೊರಟಿರುವುದನ್ನು ಡಾಕ್ಟರಮ್ಮನಿಗೆ ಹೇಳಬೇಡಿ ಎಂದ. ಮಾತು ಕೊಟ್ಟೆ, ಇಲ್ಲಿಯವರೆಗೆ ನಡೆಸಿದ್ದೇನೆ. ಇಲ್ಲಿ ಬರೆಯುವುದಕ್ಕೆ ಅಡ್ಡಿಯಿಲ್ಲ, ನೀಲಾಳಿಗೆ ಕನ್ನಡ ಓದಲು ಬರುವುದಿಲ್ಲ.

ಹಿಂದಿನ ಲಾರಿಯವನು ಮರಾಠಿಯಲ್ಲಿ ಏನೋ ಬೈದ. ಮಾಳಪ್ಪ ಅದೇ ಮರಾಠಿಯಲ್ಲಿ ಅದಕ್ಕಿಂತ ಉದ್ದನೆಯದೊಂದನ್ನು ತಿರುಗಿ ಬೈದು, ಹಿಂದುಳಿದಿದ್ದ ಒಂದು ಕುಂಟು ಮರಿಯನ್ನು ಎತ್ತಿ, ಆಪರೇಷನ್ ಆದ ಆ ಎದೆಗೇ ಒತ್ತಿಕೊಂಡು ರಸ್ತೆ ದಾಟಿದ. ನಾನು ಅವನನ್ನು ಕಡೆಯ ಸಲ ನೋಡಿದ್ದು ಅದೇ.